ಫೋನಿನ ವಾಲ್ಯೂಮ್ ಒಂದಲ್ಲ, ಐದು

ದೊಡ್ಡಮ್ಮ ಫೋನನ್ನು ನನ್ನ ಕೈಗಿಟ್ಟು, "ಇದು ಕೆಟ್ಟೋಗಿದೆ ಕಣೋ" ಅಂದರು. "ವೀಡಿಯೊ ಹಾಕಿದ್ರೆ ಮನೆಯೆಲ್ಲ ಕೇಳುತ್ತೆ. ಯಾರಾದ್ರೂ ಫೋನ್ ಮಾಡಿದ್ರೆ ಮಾತ್ರ ಉಸಿರೇ ಇಲ್ಲ." ಎರಡು ವಾರದಿಂದ ಬಂದ ಕರೆಯನ್ನೆಲ್ಲ ಆಮೇಲೆ ನೋಡಿ ತಿರುಗಿ ಮಾಡುತ್ತಿದ್ದರಂತೆ. ಫೋನ್ ಯಾಕೆ ಎತ್ತಲ್ಲ ಅಂತ ಮಕ್ಕಳ ಹತ್ತಿರ ಬೈಸಿಕೊಂಡೂ ಆಗಿತ್ತು.

ಪಕ್ಕದ ಬಟನ್ ಒತ್ತಿದೆ. ಪರದೆಯ ಅಂಚಿನಲ್ಲಿ ಒಂದು ಪಟ್ಟಿ ಕಾಣಿಸಿತು. ಅದು ಪೂರ್ತಿ ತುಂಬಿತ್ತು. "ನೋಡು, ಫುಲ್ ಇದೆಯಲ್ಲ" ಅಂದರು ದೊಡ್ಡಮ್ಮ. ಆ ಪಟ್ಟಿಯ ಕೆಳಗೆ ಮೂರು ಸಣ್ಣ ಚುಕ್ಕಿಗಳಿದ್ದವು. ಮುಟ್ಟಿದ ಕೂಡಲೇ ಬೇರೆ ಪಟ್ಟಿಗಳೂ ತೆರೆದುಕೊಂಡವು. ರಿಂಗ್ ಅಂತ ಬರೆದಿದ್ದ ಪಟ್ಟಿ ತಳ ಮುಟ್ಟಿತ್ತು. ಬೆರಳಿನಿಂದ ಅದನ್ನು ಮೇಲಕ್ಕೆ ಎಳೆದು, ನನ್ನ ಫೋನಿನಿಂದ ಕರೆ ಮಾಡಿದೆ. ಗಟ್ಟಿಯಾಗಿ ರಿಂಗಾಯಿತು. ದೊಡ್ಡಮ್ಮ ಫೋನನ್ನು ಕಿತ್ತುಕೊಂಡು, "ಇನ್ನೊಂದು ಸಲ ಮಾಡು" ಅಂದರು.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಬಟನ್ ಒಂದೇ ಜೋಡಿ ಇರುವಾಗ ವಾಲ್ಯೂಮೂ ಒಂದೇ ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ರೇಡಿಯೊ ಹಾಗೇ ಇತ್ತು, ಟಿವಿಯೂ ಹಾಗೇ ಇದೆ. ಫೋನ್ ಮಾತ್ರ ಹಾಗಲ್ಲ.

ಯಾವ ಕೆಲಸದ ಶಬ್ದ?

ಆಂಡ್ರಾಯ್ಡ್ ಫೋನಿನಲ್ಲಿ ಶಬ್ದಕ್ಕೆ ಮುಖ್ಯವಾಗಿ ಐದು ನಲ್ಲಿಗಳಿವೆ ಅಂತ ಇಟ್ಟುಕೊಳ್ಳಿ. ಹಾಡು, ವೀಡಿಯೊ, ಆಟದ ಶಬ್ದವೆಲ್ಲ ಬರುವುದು ಮೀಡಿಯಾ ನಲ್ಲಿಯಲ್ಲಿ. ಕರೆಯಲ್ಲಿ ಎದುರಿನವರ ದನಿ ಬರುವುದು ಕಾಲ್ ನಲ್ಲಿಯಲ್ಲಿ. ಕರೆ ಬಂದಾಗ ಬಾರಿಸುವುದು ರಿಂಗ್. ಮೆಸೇಜು, ಮೇಲು ಬಂದಾಗ ಟಿಂಗ್ ಅನ್ನುವುದು ನೋಟಿಫಿಕೇಶನ್. ಬೆಳಿಗ್ಗೆ ಎಬ್ಬಿಸುವುದು ಅಲಾರಾಂ. ಯಾವುದೇ ಆ್ಯಪ್ ಶಬ್ದ ಹೊರಡಿಸುವಾಗ 'ಇದು ಇಂಥ ಕೆಲಸದ ಶಬ್ದ' ಅಂತ ಒಂದು ಚೀಟಿ ಅಂಟಿಸಿ ಕೊಡುತ್ತದೆ. ಆ ಚೀಟಿ ನೋಡಿ ಫೋನ್ ಅದನ್ನು ಆಯಾ ನಲ್ಲಿಗೆ ಬಿಡುತ್ತದೆ.

ವಾಟ್ಸ್‌ಆ್ಯಪ್ ಒಂದನ್ನೇ ನೋಡಿ. ಬಂದ ವಾಯ್ಸ್ ಮೆಸೇಜನ್ನು ಸ್ಪೀಕರಿನಲ್ಲಿ ಕೇಳಿದರೆ ಅದು ಮೀಡಿಯಾ. ಅದೇ ವಾಟ್ಸ್‌ಆ್ಯಪ್‌ನಲ್ಲಿ ಕರೆ ಮಾಡಿ ಮಾತಾಡಿದರೆ ಕಾಲ್. ಮೆಸೇಜ್ ಬಂದ ಟಿಂಗ್ ನೋಟಿಫಿಕೇಶನ್. ಒಂದೇ ಆ್ಯಪ್, ಮೂರು ನಲ್ಲಿ. 'ವಾಟ್ಸ್‌ಆ್ಯಪ್ ಸೌಂಡ್ ಕಮ್ಮಿ' ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಯಾವ ಸೌಂಡ್ ಅಂತ. ಶಬ್ದದ ಗೊಂದಲ ಯಾವುದೇ ಇರಲಿ, ಈ ಒಂದು ಪ್ರಶ್ನೆಯಿಂದ ಶುರು ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಎಷ್ಟು ಜೋರು ಅನ್ನುವುದು ಆಮೇಲಿನ ಮಾತು.

ಹಾಗಾದರೆ ಪಕ್ಕದ ಬಟನ್ ತಿರುಗಿಸುವುದು ಯಾವ ನಲ್ಲಿಯನ್ನು? ಆ ಹೊತ್ತಿಗೆ ಯಾವುದರಲ್ಲಿ ಹರಿಯುತ್ತಿದೆಯೋ ಅದನ್ನು. ಹಾಡು ಓಡುತ್ತಿದ್ದರೆ ಮೀಡಿಯಾ, ಕರೆಯಲ್ಲಿದ್ದರೆ ಕಾಲ್. ಏನೂ ಓಡದೆ ಇದ್ದಾಗ ಏನಾಗುತ್ತದೆ ಅನ್ನುವಲ್ಲೇ ತುಂಬಾ ಜನ ಎಡವುವುದು. ಮುಂಚೆ ಆಂಡ್ರಾಯ್ಡ್ ಫೋನುಗಳಲ್ಲಿ ಸುಮ್ನೆ ಬಟನ್ ಒತ್ತಿದರೆ ರಿಂಗ್ ಜಾಸ್ತಿ ಕಮ್ಮಿ ಆಗುತ್ತಿತ್ತು. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಅದು ಮೀಡಿಯಾಕ್ಕೆ ಬದಲಾಯಿತು. ಕಾರಣ ಸರಿಯಾಗಿಯೇ ಇದೆ. ವೀಡಿಯೊ ಶುರುವಾಗುವ ಮೊದಲೇ ಅದರ ಶಬ್ದ ಇಳಿಸಲು ಆಗಬೇಕು. ಆದರೆ ಹಳೆಯ ಅಭ್ಯಾಸದವರು ಇವತ್ತಿಗೂ ರಿಂಗ್ ಜೋರು ಮಾಡಿದೆ ಅಂದುಕೊಂಡು ಮೀಡಿಯಾ ಜೋರು ಮಾಡುತ್ತಿರುತ್ತಾರೆ. ಕರೆ ಬಂದು ರಿಂಗ್ ಆಗುತ್ತಿರುವಾಗಲೇ ಬಟನ್ ಒತ್ತಿದರೂ ರಿಂಗ್ ಜೋರಾಗುವುದಿಲ್ಲ, ಆ ಒಂದು ಕರೆಯ ಸದ್ದು ಸುಮ್ಮನಾಗುತ್ತದೆ ಅಷ್ಟೆ.

ಕರೆಯ ದನಿ ಸಣ್ಣದಾಗಿದ್ದರೆ ಕರೆ ನಡೆಯುತ್ತಿರುವಾಗಲೇ ಬಟನ್ ಒತ್ತಿ ಏರಿಸಬೇಕು. ಕಾಲ್ ಪಟ್ಟಿ ಪೂರ್ತಿ ಸೊನ್ನೆಗೆ ಇಳಿಯುವುದಿಲ್ಲ, ಗಮನಿಸಿದ್ದೀರಾ? ಎದುರಿನವರು ಹಲೋ ಅಂದಿದ್ದೇ ಕೇಳದೆ ಹೋಗಬಾರದು ಅಂತ ಕೊನೆಯ ಒಂದು ಮೆಟ್ಟಿಲು ಉಳಿಸಿರುತ್ತಾರೆ. ರಿಂಗ್ ಮತ್ತು ನೋಟಿಫಿಕೇಶನ್ ಬಹಳ ಕಾಲ ಹಲವು ಫೋನುಗಳಲ್ಲಿ ಒಂದೇ ಪಟ್ಟಿಗೆ ಅಂಟಿಕೊಂಡಿದ್ದವು. ಟಿಂಗ್ ಟಿಂಗ್ ಕಾಟ ತಪ್ಪಿಸೋಣ ಅಂತ ಇಳಿಸಿದರೆ ರಿಂಗೂ ಇಳಿಯುತ್ತಿತ್ತು. 2023ರ ಆಂಡ್ರಾಯ್ಡ್ 14ರಲ್ಲಿ ಇವೆರಡೂ ಬೇರೆಯಾದವು. ಕೆಲವು ಕಂಪನಿಗಳು ಅದಕ್ಕೂ ಮುಂಚೆಯೇ ತಮ್ಮ ಫೋನುಗಳಲ್ಲಿ ಬೇರೆ ಮಾಡಿಕೊಟ್ಟಿದ್ದವು.

ಐಫೋನಿನಲ್ಲಿ ಇಷ್ಟೆಲ್ಲ ಪಟ್ಟಿಗಳು ಕಣ್ಣಿಗೆ ಬೀಳುವುದಿಲ್ಲ. ಬಟನ್ ಹಾಡು, ವೀಡಿಯೊದ ಶಬ್ದ ನೋಡಿಕೊಳ್ಳುತ್ತದೆ. ರಿಂಗಿನ ಪಟ್ಟಿ ಸೆಟ್ಟಿಂಗ್ಸ್ ಒಳಗೆ ಸೌಂಡ್ಸ್ ಆ್ಯಂಡ್ ಹ್ಯಾಪ್ಟಿಕ್ಸ್ ಅನ್ನುವಲ್ಲಿದೆ. ಅದರ ಪಕ್ಕದಲ್ಲೇ 'ಚೇಂಜ್ ವಿತ್ ಬಟನ್ಸ್' ಅನ್ನುವ ಸ್ವಿಚ್ ಇರುತ್ತದೆ. ಅದು ಆನ್ ಇದ್ದರೆ, ಏನೂ ಓಡದೆ ಇದ್ದಾಗ ಬಟನ್ ರಿಂಗನ್ನೇ ಏರಿಸಿ ಇಳಿಸುತ್ತದೆ. ಜೇಬಿನಲ್ಲಿ ಒತ್ತಿಕೊಂಡು ರಿಂಗ್ ತಾನಾಗಿ ಇಳಿದುಹೋಗುವುದು ಹೀಗೇ. ಒಂದು ಸಲ ಬೇಕಾದಷ್ಟಕ್ಕೆ ಇಟ್ಟು ಆ ಸ್ವಿಚ್ ಆಫ್ ಮಾಡಿಬಿಡುವುದು ಒಳ್ಳೆಯದು ಅಂತ ನನಗನ್ನಿಸುತ್ತದೆ. ಐಫೋನಿನ ಅಲಾರಾಂ ಕೂಡ ಈ ರಿಂಗಿನ ಪಟ್ಟಿಯ ಹಿಂದೆಯೇ ಹೋಗುತ್ತದೆ, ಹಾಗಾಗಿ ಇದು ಸಣ್ಣ ವಿಷಯವಲ್ಲ.

ಇನ್ನೊಂದು ವಿಚಿತ್ರವೂ ಐಫೋನಿನದ್ದೇ. ರಿಂಗ್ ಜೋರಾಗಿ ಶುರುವಾಗುತ್ತದೆ. ಕೈಗೆ ತಗೊಂಡು ನೋಡಿದ ಕೂಡಲೇ ಸಣ್ಣಗಾಗುತ್ತದೆ. ಸ್ಪೀಕರ್ ಹೋಯಿತು ಅಂತ ಗಾಬರಿಯಾಗುತ್ತೇವೆ. ಮುಖ ಗುರುತಿಸುವ ಐಫೋನುಗಳು ನಾವು ಪರದೆ ನೋಡುತ್ತಿದ್ದೇವೆ ಅಂತ ತಿಳಿದ ಮೇಲೆ, ಇನ್ನು ಕೂಗುವ ಅಗತ್ಯವಿಲ್ಲ ಅಂತ ತಾವೇ ದನಿ ತಗ್ಗಿಸುತ್ತವೆ. ಫೇಸ್ ಐಡಿ ಸೆಟ್ಟಿಂಗಿನಲ್ಲಿ 'ಅಟೆನ್ಶನ್ ಅವೇರ್ ಫೀಚರ್ಸ್' ಅಂತ ಇರುವುದು ಇದೇ. ಬೇಡವೆಂದರೆ ಆಫ್ ಮಾಡಬಹುದು.

ಸೈಲೆಂಟ್ ಬೇರೆ, ಡು ನಾಟ್ ಡಿಸ್ಟರ್ಬ್ ಬೇರೆ

ಸೈಲೆಂಟ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಸೈಲೆಂಟ್ ಮಾಡಿದ್ದೀನಲ್ಲ ಅಂತ ಧೈರ್ಯವಾಗಿ ಸಭೆಯಲ್ಲಿ ಕೂತಿರುತ್ತೀರಿ. ಬಂದ ವೀಡಿಯೊ ಮೇಲೆ ಬೆರಳು ತಾಗುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ಸೈಲೆಂಟ್ ಮುಚ್ಚುವುದು ರಿಂಗ್ ಮತ್ತು ನೋಟಿಫಿಕೇಶನ್ ನಲ್ಲಿಗಳನ್ನು ಮಾತ್ರ. ಮೀಡಿಯಾ ನಲ್ಲಿ ತೆರೆದೇ ಇರುತ್ತದೆ. ಅಲಾರಾಂ ಕೂಡ ಹೊಡೆಯುತ್ತದೆ, ಐಫೋನಿನಲ್ಲೂ ಅಷ್ಟೆ. ಐಫೋನಿನ ಬದಿಯಲ್ಲಿದ್ದ ಪುಟ್ಟ ಸೈಲೆಂಟ್ ಸ್ವಿಚ್ ಜಾಗದಲ್ಲಿ 2023ರ ಐಫೋನ್ 15 ಪ್ರೊದಿಂದ ಆ್ಯಕ್ಷನ್ ಬಟನ್ ಬಂತು. ಸೈಲೆಂಟ್ ಮಾಡುವುದಷ್ಟೇ ಅಲ್ಲ, ಬೇರೆ ಕೆಲಸವನ್ನೂ ಅದಕ್ಕೆ ಒಪ್ಪಿಸಬಹುದು.

ಡು ನಾಟ್ ಡಿಸ್ಟರ್ಬ್‌ನ ಕೆಲಸವೇ ಬೇರೆ. ಫೋನಿನ ಭಾಷೆ ಕನ್ನಡವಾಗಿದ್ದರೆ 'ಅಡಚಣೆ ಮಾಡಬೇಡಿ' ಅಂತ ಕಾಣಿಸುವುದು ಇದೇ. ಸೈಲೆಂಟ್ ಅಂದರೆ ಎಲ್ಲರಿಗೂ ಒಂದೇ ಸಮ ಬಾಯಿ ಮುಚ್ಚಿಸುವುದು. ಇದು ಬಾಗಿಲಲ್ಲಿ ಒಬ್ಬರನ್ನು ಕಾವಲಿಗೆ ನಿಲ್ಲಿಸಿದ ಹಾಗೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬೇಡ ಅಂತ ನಾವು ಹೇಳಿಡಬಹುದು. ಹೇಳದೆ ಬಿಟ್ಟರೆ ಅದು ತನಗೆ ಗೊತ್ತಿದ್ದಂತೆ ಮಾಡುತ್ತದೆ.

ಇದನ್ನು ನಾನು ಕಲಿತ ರಾತ್ರಿ ಮರೆಯಲಾರೆ. ನಿದ್ದೆ ಕೆಡದಿರಲಿ ಅಂತ ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಡು ನಾಟ್ ಡಿಸ್ಟರ್ಬ್ ತಾನಾಗೇ ಬರುವಂತೆ ಇಟ್ಟಿದ್ದೆ. ಅಪ್ಪನಿಗೆ ನಡುರಾತ್ರಿ ಹುಷಾರು ತಪ್ಪಿತು. ಅಮ್ಮ ಒಂದೇ ಒಂದು ಸಲ ಕರೆ ಮಾಡಿದರು, ಮಲಗಿರಬೇಕು ಅಂತ ಸುಮ್ಮನಾದರು. ಬೆಳಿಗ್ಗೆ ಆ ಮಿಸ್ಡ್ ಕಾಲ್ ನೋಡಿದಾಗ ಎದೆ ಧಸಕ್ಕೆಂದಿತು. ಅಪ್ಪ ಚೇತರಿಸಿಕೊಂಡರು. ಆದರೆ ಅವತ್ತೇ ಕೂತು ಆ ಸೆಟ್ಟಿಂಗನ್ನು ಪೂರ್ತಿ ಓದಿದೆ.

ಒಂದೇ ನಂಬರಿನಿಂದ ಬೇಗ ಬೇಗ ಎರಡು ಸಲ ಕರೆ ಬಂದರೆ, ಏನೋ ತುರ್ತಿರಬೇಕು ಅಂತ ಎರಡನೆಯದನ್ನು ಒಳಗೆ ಬಿಡುವ ವ್ಯವಸ್ಥೆ ಇದರಲ್ಲಿದೆ. ಆಂಡ್ರಾಯ್ಡ್‌ನಲ್ಲಿ ಅದಕ್ಕೆ 15 ನಿಮಿಷದ ಗಡುವು, ಐಫೋನಿನಲ್ಲಿ 3 ನಿಮಿಷ. ಅಮ್ಮ ಮಾಡಿದ್ದು ಒಂದೇ ಸಲ, ಹಾಗಾಗಿ ಇದು ಕೆಲಸಕ್ಕೆ ಬರಲಿಲ್ಲ. ನಿಜವಾಗಿ ಬೇಕಿದ್ದದ್ದು ಮನೆಯವರ ಹೆಸರಿಗೆ ನಕ್ಷತ್ರ ಹಾಕಿ, 'ನಕ್ಷತ್ರ ಹಾಕಿದವರ ಕರೆ ಯಾವಾಗಲೂ ಬರಲಿ' ಅಂತ ಹೇಳಿಡುವುದು. ಐಫೋನಿನಲ್ಲಿ ಇದನ್ನು ಫೇವರಿಟ್ಸ್ ಅಂತಾರೆ. ಐದು ನಿಮಿಷದ ಕೆಲಸ. ಇದನ್ನು ಓದುತ್ತಿರುವವರು ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಇದೊಂದನ್ನು ಇವತ್ತೇ ಮಾಡಿ. ಅಮ್ಮನಿಗೂ ಎರಡು ಸಲ ಮಾಡು ಅಂತ ಹೇಳಿಟ್ಟಿದ್ದೇನೆ.

ಇಲ್ಲಿ ಇನ್ನೊಂದು ಎಚ್ಚರ ಬೇಕು. ಸಾಮಾನ್ಯವಾಗಿ ಡು ನಾಟ್ ಡಿಸ್ಟರ್ಬ್ ಅಲಾರಾಂ ತಡೆಯುವುದಿಲ್ಲ. ಆದರೆ ಆಂಡ್ರಾಯ್ಡ್‌ನ ವಿನಾಯಿತಿಗಳ ಪಟ್ಟಿಯಲ್ಲಿ ಅಲಾರಾಂ ಅನ್ನೇ ತೆಗೆದುಹಾಕಲೂ ಅವಕಾಶವಿದೆ. ಅಲ್ಲಿ ಗೊತ್ತಿಲ್ಲದೆ ಬೆರಳು ತಾಗಿದರೆ ಬೆಳಿಗ್ಗೆ ಫೋನ್ ಎಬ್ಬಿಸುವುದಿಲ್ಲ. ಎರಡೂ ಬಗೆಯ ಫೋನಿನಲ್ಲಿ ಈ ಕಾವಲು ಆನ್ ಇದೆಯೇ ಅಂತ ಮೇಲಿನ ಸಾಲಿನ ಚಿಹ್ನೆ ನೋಡಿ ತಿಳಿಯಬಹುದು. ಆಂಡ್ರಾಯ್ಡ್‌ನಲ್ಲಿ ವೃತ್ತದೊಳಗೆ ಒಂದು ಅಡ್ಡಗೆರೆ, ಐಫೋನಿನಲ್ಲಿ ಅರ್ಧಚಂದ್ರ. ರಿಂಗ್ ಪಟ್ಟಿ ಮೇಲಿದ್ದೂ ರಿಂಗ್ ಆಗುತ್ತಿಲ್ಲ ಅಂದರೆ ನಾನು ಎರಡನೆಯದಾಗಿ ನೋಡುವುದು ಇದನ್ನೇ.

ಎಲ್ಲ ಸರಿಯಿದ್ದೂ ಒಂದು ಆ್ಯಪಿನ ಟಿಂಗ್ ಮಾತ್ರ ಕೇಳದಿದ್ದರೆ ಅದರ ಬೇರು ಇನ್ನೂ ಒಳಗಿದೆ. 2017ರ ಆಂಡ್ರಾಯ್ಡ್ 8ರಿಂದ ಪ್ರತಿ ಆ್ಯಪ್ ತನ್ನ ನೋಟಿಫಿಕೇಶನ್‌ಗಳನ್ನು ಬೇರೆ ಬೇರೆ ಗುಂಪು ಮಾಡಬೇಕು. ಮೆಸೇಜಿಗೆ ಒಂದು, ಗ್ರೂಪ್ ಮೆಸೇಜಿಗೆ ಒಂದು, ಜಾಹೀರಾತಿಗೆ ಒಂದು ಅಂತ. ಇವಕ್ಕೆ ಚಾನೆಲ್ ಅಂತ ಹೆಸರು. ಒಂದೊಂದು ಚಾನೆಲ್‌ಗೂ ಸದ್ದು ಬೇಕೋ ಬೇಡವೋ ಅಂತ ನಾವೇ ತೀರ್ಮಾನಿಸಬಹುದು. ಒಮ್ಮೆ ನಾವು ಬದಲಾಯಿಸಿದ ಮೇಲೆ ಆ್ಯಪ್ ಅದನ್ನು ತಾನಾಗಿ ತಿರುಗಿಸಿ ಹಾಕುವಂತಿಲ್ಲ. ಇದು ನಮ್ಮ ಪರವಾಗಿರುವ ಒಳ್ಳೆಯ ನಿಯಮ. ಸೆಟ್ಟಿಂಗ್ಸ್ ಒಳಗೆ ಹುಡುಕುವ ಬದಲು, ಬಂದ ನೋಟಿಫಿಕೇಶನ್ ಮೇಲೆಯೇ ಬೆರಳನ್ನು ಒತ್ತಿ ಹಿಡಿಯಿರಿ. ಅದು ಯಾವ ಚಾನೆಲ್‌ನದ್ದು ಅಂತ ಅಲ್ಲೇ ತೋರಿಸುತ್ತದೆ, ಸದ್ದು ಅಥವಾ ಸೈಲೆಂಟ್ ಅಂತ ಅಲ್ಲೇ ಆರಿಸಬಹುದು.

ಬ್ಲೂಟೂತ್ ಸೇರಿಕೊಂಡಾಗ

ಇಯರ್‌ಬಡ್ ಹಾಕಿಕೊಂಡ ಕೂಡಲೇ ಲೆಕ್ಕ ಇನ್ನಷ್ಟು ಸಿಕ್ಕಾಗುತ್ತದೆ. ಆಂಡ್ರಾಯ್ಡ್ ಪ್ರತಿಯೊಂದು ದಾರಿಗೂ ವಾಲ್ಯೂಮನ್ನು ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಫೋನಿನ ಸ್ಪೀಕರಿಗೆ ಒಂದು, ವೈರ್ ಇಯರ್‌ಫೋನಿಗೆ ಒಂದು, ಬ್ಲೂಟೂತಿಗೆ ಇನ್ನೊಂದು. ಬಡ್‌ನಲ್ಲಿ ಮೆಲ್ಲಗೆ ಕೇಳುತ್ತಿದ್ದ ಹಾಡು, ಬಡ್ ತೆಗೆದ ಮೇಲೆ ಪ್ಲೇ ಒತ್ತಿದರೆ ಸ್ಪೀಕರಿನಲ್ಲಿ ಕಿರುಚುವುದು ಅದಕ್ಕೇ.

ಇನ್ನು ಮೂಲ ತೊಡಕು ಏನೆಂದರೆ, ಬ್ಲೂಟೂತ್‌ನಲ್ಲಿ ನಲ್ಲಿ ಎರಡು ಕಡೆ ಇರಬಹುದು. ಫೋನಿನಲ್ಲಿ ಒಂದು, ಬಡ್ ಅಥವಾ ಸ್ಪೀಕರಿನೊಳಗೆ ಇನ್ನೊಂದು. ಒಂದರ ಹಿಂದೆ ಒಂದು. ಫೋನಿನದ್ದು ಪೂರ್ತಿ ತೆರೆದಿದ್ದರೂ ಆ ಕಡೆಯದ್ದು ಕಾಲುಭಾಗ ತೆರೆದಿದ್ದರೆ ಸಣ್ಣಗೇ ಕೇಳುತ್ತದೆ. ಇದನ್ನು ಸರಿಪಡಿಸಲೆಂದೇ ಆ್ಯಬ್ಸೊಲ್ಯೂಟ್ ವಾಲ್ಯೂಮ್ ಅನ್ನುವ ಏರ್ಪಾಡು ಬಂತು. ಅದರಲ್ಲಿ ಎರಡೂ ಕೂಡಿಕೊಂಡು ಒಂದೇ ನಲ್ಲಿಯಂತೆ ಕೆಲಸ ಮಾಡುತ್ತವೆ. ಫೋನ್ 0ಯಿಂದ 127ರವರೆಗಿನ ಒಂದು ಅಂಕಿ ಕಳಿಸುತ್ತದೆ, ಬಡ್ ಅಷ್ಟಕ್ಕೆ ತಿರುಗಿಸಿಕೊಳ್ಳುತ್ತದೆ. ಆದರೆ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಮೀಡಿಯಾಕ್ಕೆ ಇರುವುದು 15 ಮೆಟ್ಟಿಲು ಮಾತ್ರ. 15 ಮೆಟ್ಟಿಲನ್ನು 127ಕ್ಕೆ ಹಿಗ್ಗಿಸಿದರೆ ಒಂದೊಂದು ಹೆಜ್ಜೆಯೂ ದೊಡ್ಡದಾಗುತ್ತದೆ. ಅಗ್ಗದ ಕೆಲವು ಬಡ್‌ಗಳು ಆ ಅಂಕಿಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದೂ ಇಲ್ಲ. ಒಂದು ಮೆಟ್ಟಿಲು ಇಳಿಸಿದರೆ ಕೇಳುವುದಿಲ್ಲ, ಏರಿಸಿದರೆ ಕಿವಿ ಗುಂಯ್ ಅನ್ನುತ್ತದೆ. ನಿಮ್ಮದು ಹೀಗಿದ್ದರೆ ಡೆವಲಪರ್ ಆಪ್ಶನ್ಸ್ (ಆ್ಯಪ್ ತಯಾರಿಸುವವರಿಗೆಂದು ಸೆಟ್ಟಿಂಗ್ಸ್‌ನಲ್ಲಿ ಮರೆಯಾಗಿಟ್ಟ ಪುಟ) ಒಳಗೆ 'ಡಿಸೇಬಲ್ ಆ್ಯಬ್ಸೊಲ್ಯೂಟ್ ವಾಲ್ಯೂಮ್' ಅಂತ ಇದೆ, ಆನ್ ಮಾಡಿ ಬಡ್ ಅನ್ನು ಬಿಡಿಸಿ ಮತ್ತೆ ಜೋಡಿಸಿ. ಆಗ ಎರಡು ನಲ್ಲಿಗಳೂ ಬೇರೆಯಾಗುತ್ತವೆ. ಬಡ್‌ನದ್ದನ್ನು ಒಂದು ಮಟ್ಟಕ್ಕೆ ಇಟ್ಟು, ಫೋನಿನದ್ದನ್ನು ಸಣ್ಣ ಹೆಜ್ಜೆಗಳಲ್ಲಿ ತಿರುಗಿಸಿಕೊಳ್ಳಬಹುದು.

ಹಾಡು ಬಡ್‌ನಲ್ಲಿ ಬರುತ್ತದೆ, ಕರೆ ಮಾತ್ರ ಫೋನಿನಲ್ಲೇ ಕೇಳುತ್ತದೆ ಅನ್ನುವವರು ಬ್ಲೂಟೂತ್ ಪಟ್ಟಿಯಲ್ಲಿ ಆ ಬಡ್ ಹೆಸರಿನ ಪಕ್ಕದ ಗಾಲಿ ಚಿಹ್ನೆ ಒತ್ತಿ ನೋಡಿ. ಕರೆಗೆ ಒಂದು ಸ್ವಿಚ್, ಮೀಡಿಯಾಕ್ಕೆ ಒಂದು ಸ್ವಿಚ್ ಇರುತ್ತದೆ. ಯಾಕೆಂದರೆ ಬ್ಲೂಟೂತ್‌ನಲ್ಲಿ ಇವೆರಡೂ ನಿಜಕ್ಕೂ ಬೇರೆ ಬೇರೆ ರಸ್ತೆಗಳು. ಹಾಡಿನ ರಸ್ತೆ ಅಗಲ, ಆದರೆ ಒಂದೇ ದಿಕ್ಕಿನದು. ಫೋನಿನಿಂದ ಕಿವಿಗೆ ಮಾತ್ರ. ಕರೆಯ ರಸ್ತೆಯಲ್ಲಿ ನಿಮ್ಮ ದನಿಯೂ ಹಿಂದಿರುಗಿ ಹೋಗಬೇಕು, ಹಾಗಾಗಿ ಎರಡೂ ಕಡೆಗೆ ಕಿರಿದಾದ ಜಾಗ. ಹಾಡಿಗೆ ಸೆಕೆಂಡಿಗೆ 44,100 ಸಲ ಶಬ್ದದ ಅಳತೆ ತೆಗೆದರೆ, ಕರೆಯ ಹಳೆಯ ಪದ್ಧತಿಯಲ್ಲಿ 8,000, ಸ್ವಲ್ಪ ಹೊಸದರಲ್ಲಿ 16,000. ಆಟ ಆಡುತ್ತಾ ಮೈಕ್ ಆನ್ ಮಾಡಿದ ಕೂಡಲೇ ಹಿನ್ನೆಲೆಯ ಸಂಗೀತವೆಲ್ಲ ಡಬ್ಬದೊಳಗಿಂದ ಬಂದಂತಾಗುವುದು ಇದರಿಂದಲೇ. ಬಡ್ ಕೆಟ್ಟಿಲ್ಲ, ರಸ್ತೆ ಬದಲಾಗಿದೆ. 2020ರಲ್ಲಿ ಪ್ರಕಟವಾದ ಎಲ್‌ಇ ಆಡಿಯೊ ಅನ್ನುವ ಹೊಸ ಬ್ಲೂಟೂತ್ ಪದ್ಧತಿಯಲ್ಲಿ ಈ ಕಿರಿದು ಬಹಳ ಮಟ್ಟಿಗೆ ನಿವಾರಣೆಯಾಗುತ್ತದೆ, ಫೋನೂ ಬಡ್ಡೂ ಎರಡೂ ಅದಕ್ಕೆ ಸಿದ್ಧವಿರಬೇಕು ಅಷ್ಟೆ.

ಒಂದು ಕಿವಿಯಲ್ಲಿ ಕಮ್ಮಿ ಕೇಳಿದರೆ ಮೊದಲು ಬಡ್‌ನ ಜಾಲರಿ ಒರೆಸಿ. ಆಮೇಲೆ ಆ್ಯಕ್ಸೆಸಿಬಿಲಿಟಿ ಒಳಗಿನ ಆಡಿಯೊ ಪುಟಕ್ಕೆ ಹೋಗಿ. ಅಲ್ಲಿ ಎಡ ಬಲದ ಬ್ಯಾಲೆನ್ಸ್ ಪಟ್ಟಿ ಇದೆ, ಅದು ನಡುವಿನಿಂದ ಜಾರಿರಬಹುದು. ಅಲ್ಲೇ ಇರುವ ಮೊನೊ ಆಡಿಯೊ ಅನ್ನುವ ಸ್ವಿಚ್ ತುಂಬಾ ಜನರಿಗೆ ಉಪಯೋಗವಾಗುವಂಥದ್ದು. ಸ್ಟೀರಿಯೊ ಹಾಡಿನಲ್ಲಿ ಕೆಲವು ವಾದ್ಯ ಎಡಕ್ಕೆ, ಕೆಲವು ಬಲಕ್ಕೆ ಹಂಚಿರುತ್ತವೆ. ಒಂದೇ ಕಿವಿಗೆ ಬಡ್ ಹಾಕಿದರೆ ಅರ್ಧ ಹಾಡು ಕಳೆದುಹೋಗುತ್ತದೆ. ಮೊನೊ ಮಾಡಿದರೆ ಎಲ್ಲ ಕೂಡಿ ಎರಡೂ ಕಡೆ ಬರುತ್ತದೆ. ಒಂದು ಕಿವಿ ಕೇಳದವರಿಗೆ ಇದು ದೊಡ್ಡ ಉಪಕಾರ.

ಈಕ್ವಲೈಜರ್, ಡಾಲ್ಬಿ ಇತ್ಯಾದಿ

ಇವುಗಳ ಬಗ್ಗೆ ನನ್ನ ಮಾತು ಕಡಿಮೆ. ಈಕ್ವಲೈಜರ್ ಅಂದರೆ ಒಟ್ಟು ಶಬ್ದವನ್ನು ಬಿಟ್ಟು, ಅದರಲ್ಲಿನ ದಪ್ಪ ಸ್ವರ, ನಡುವಿನ ಸ್ವರ, ತೆಳು ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವುದು. ಅದರ ಪಟ್ಟಿಗಳ ಮೇಲೆ ಹರ್ಟ್ಜ್ ಅಂತ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅಂತ ಬರೆದಿರುತ್ತದೆ. ಎಡಗಡೆಯ 60 ಹರ್ಟ್ಜ್ ಅಂಥವು ಡೋಲಿನ ಗುಡುಗು. 2,000ದಿಂದ 4,000 ಹರ್ಟ್ಜ್ ನಡುವೆ ಮಾತಿನ ಸ್ಪಷ್ಟತೆ ಇರುತ್ತದೆ. ಮಾತು ಅರ್ಥವಾಗುತ್ತಿಲ್ಲ ಅಂತ ಒಟ್ಟು ವಾಲ್ಯೂಮ್ ಏರಿಸುವ ಬದಲು, ಎಡದ ಒಂದೆರಡು ಪಟ್ಟಿಗಳನ್ನು ಸ್ವಲ್ಪ ಇಳಿಸಿ ನೋಡಿ. ಏರಿಸುವುದಕ್ಕಿಂತ ಇಳಿಸುವುದು ಯಾವಾಗಲೂ ಸುರಕ್ಷಿತ. ಎಲ್ಲವನ್ನೂ ಮೇಲಕ್ಕೆ ತಳ್ಳಿದರೆ ಶಬ್ದ ಒಡೆದು ಗರಗರ ಅನ್ನುತ್ತದೆ. ಫೋನಿನ ಪುಟ್ಟ ಸ್ಪೀಕರಿಗೆ 60 ಹರ್ಟ್ಜ್ ಗುಡುಗು ಹೊರಡಿಸುವ ಶಕ್ತಿಯೇ ಇಲ್ಲ, ಅಲ್ಲಿ ಬಾಸ್ ಏರಿಸಿ ಲಾಭವಿಲ್ಲ. ಮೆಲ್ಲಗೆ ಕೇಳುವಾಗ ಬಾಸ್ ಮಾಯವಾಗುವುದು ನಿಮ್ಮ ಭ್ರಮೆಯಲ್ಲ, ಕಿವಿಯ ಸ್ವಭಾವವೇ ಹಾಗೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವವರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ.

ಡಾಲ್ಬಿ ಆ್ಯಟ್ಮಾಸ್, ಸ್ಪೇಷಿಯಲ್ ಆಡಿಯೊ ಅನ್ನುವುವು ಶಬ್ದ ಸುತ್ತಲಿಂದ ಬಂದಂತೆ ಕಿವಿಗೆ ನಂಬಿಸುತ್ತವೆ. ಸಿನಿಮಾಕ್ಕೆ ಚೆಂದ. ಬರೀ ಮಾತಿರುವ ಕಡೆ ದನಿ ದೂರವಾದಂತೆ ಅನ್ನಿಸಿದರೆ ಆಫ್ ಮಾಡಿ ಹೋಲಿಸಿ ನೋಡಿ.

ಕಿವಿಯ ಲೆಕ್ಕ

ಇಯರ್‌ಫೋನ್ ಹಾಕಿ ವಾಲ್ಯೂಮ್ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ 'ಹೆಚ್ಚು ಹೊತ್ತು ಜೋರಾಗಿ ಕೇಳಿದರೆ ಕಿವಿಗೆ ಹಾನಿ' ಅಂತ ಎಚ್ಚರಿಕೆ ಬರುತ್ತದೆ. ನಾವೆಲ್ಲ ಓದದೇ ಸರಿ ಅಂತ ಒತ್ತುತ್ತೇವೆ. ಅದರ ಹಿಂದಿನ ಲೆಕ್ಕ ಗೊತ್ತಾದ ಮೇಲೆ ನಾನು ಹಾಗೆ ಒತ್ತುವುದನ್ನು ಬಿಟ್ಟೆ.

ಶಬ್ದವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಇದು ಕಿಲೋ, ಮೀಟರ್ ಥರದ ಅಳತೆಯಲ್ಲ. 3 ಡೆಸಿಬೆಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಹೆಚ್ಚುಕಡಿಮೆ ಎರಡರಷ್ಟು, 10 ಏರಿದರೆ ಹತ್ತರಷ್ಟು. ಆದರೆ ನಮಗೆ ಮಾತ್ರ 10 ಏರಿದಾಗ ಸುಮಾರು ಎರಡರಷ್ಟು ಜೋರು ಅನ್ನಿಸುತ್ತದೆ. ಅಂದರೆ ಬೀಳುವ ಪೆಟ್ಟಿಗಿಂತ ತುಂಬಾ ಕಮ್ಮಿ ನಮ್ಮ ಅರಿವಿಗೆ ಬರುತ್ತದೆ. ಅಪಾಯ ಇರುವುದೇ ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 90 ಡೆಸಿಬೆಲ್‌ಗೆ ಹೋದರೆ ಆ 40 ಗಂಟೆ ವಾರಕ್ಕೆ ಬರೀ 4 ಗಂಟೆಯಾಗುತ್ತದೆ. ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ. ಒಳಕಿವಿಯ ಸೂಕ್ಷ್ಮ ಕೂದಲಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ.

ವಾಹನಗಳ ಗಲಾಟೆಯ ನಡುವೆ ಹಾಡು ಕೇಳಲು ವಾಲ್ಯೂಮ್ ಏರಿಸುತ್ತೇವಲ್ಲ, ಅಲ್ಲೇ ಹೆಚ್ಚಿನ ಪೆಟ್ಟು. ಹೊರಗಿನ ಗದ್ದಲ ತಗ್ಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಇರುವ ಬಡ್ ಆದರೆ ಅಷ್ಟು ಏರಿಸುವ ಅಗತ್ಯವೇ ಬೀಳುವುದಿಲ್ಲ. ಅದನ್ನು ಹಾಕಿಕೊಂಡು ರಸ್ತೆ ದಾಟಬೇಡಿ ಮಾತ್ರ. ಐಫೋನಿನಲ್ಲಿ ಹೆಡ್‌ಫೋನ್ ಸೇಫ್ಟಿ ಅನ್ನುವಲ್ಲಿ ಜೋರು ಶಬ್ದವನ್ನು ಇಷ್ಟು ಡೆಸಿಬೆಲ್‌ಗೆ ತಡೆ ಅಂತ ಹೇಳಿಡಬಹುದು. ಕೆಳಗಿನ ಮಿತಿ 75. ಸ್ಯಾಮ್‌ಸಂಗ್ ಫೋನುಗಳಲ್ಲಿ ವಾಲ್ಯೂಮ್ ಪುಟದ ಮೂರು ಚುಕ್ಕಿ ಒತ್ತಿದರೆ 'ಮೀಡಿಯಾ ವಾಲ್ಯೂಮ್ ಲಿಮಿಟ್' ಸಿಗುತ್ತದೆ. ಅದಕ್ಕೆ ಪಿನ್ ಕೂಡ ಹಾಕಬಹುದು. ಮಕ್ಕಳ ಕೈಗೆ ಹೋಗುವ ಫೋನಾದರೆ ಕೊಡುವ ಮೊದಲೇ ಹಾಕಿಡಿ. ಈ ಮಿತಿ ಬೀಳುವುದು ಮೀಡಿಯಾ ನಲ್ಲಿಗೆ ಮಾತ್ರ, ರಿಂಗೂ ಅಲಾರಾಂ ಎಂದಿನಂತೆಯೇ ಕೇಳುತ್ತವೆ.